ಕ್ಸಾವಿ ಅರ್ಜಿ ಹಾಕಿದ ಬೆಳಗ್ಗೆ

ಸ್ಪೇನ್‌ನ ಕ್ಸಾವಿ ಭಾರತ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಲು ಅರ್ಜಿ ಹಾಕಿದ್ದಾರಂತೆ. ಅಷ್ಟು ಸಂಬಳ ಕೊಡೋಕಾಗಲ್ಲ ಅಂತ ಫೆಡರೇಷನ್ ಅವರ ಹೆಸರನ್ನು ಪಕ್ಕಕ್ಕಿಟ್ಟಿದೆಯಂತೆ. 2025ರ ಜುಲೈ ಕೊನೆಗೆ ಈ ಸುದ್ದಿ ಬಂದಾಗ ನಮ್ಮ ಗುಂಪಿನಲ್ಲಿ ಅದನ್ನು ನಂಬದವರು ಒಬ್ಬರೇ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಶನಿವಾರ ಬೆಳಗ್ಗೆ ದೊಮ್ಮಲೂರಿನ ಕಡೆ ಒಂದು ಟರ್ಫ್‌ನಲ್ಲಿ ಆಡಿ, ಬೆವರು ಆರುವ ಮೊದಲೇ ಹತ್ತಿರದ ದರ್ಶಿನಿಗೆ ನುಗ್ಗುವುದು ನಮ್ಮ ಅಭ್ಯಾಸ. ಐಟಿಯವರು, ಆಸ್ಟಿನ್ ಟೌನ್‌ನಲ್ಲಿ ಹುಟ್ಟಿ ಬೆಳೆದ ಒಬ್ಬ ಹುಡುಗ, ಎಚ್‌ಎಎಲ್‌ನಿಂದ ರಿಟೈರ್ ಆದ ಒಬ್ಬ ಅಂಕಲ್, ನಾನು. ಅಂಕಲ್ ಈಗ ಆಡುವುದಿಲ್ಲ. ಗೆರೆಯ ಆಚೆ ನಿಂತು ಎಲ್ಲರನ್ನೂ ಬೈಯುತ್ತಾರೆ. ಒಂದು ಲೆಕ್ಕಕ್ಕೆ ನಮ್ಮ ಕೋಚ್ ಅವರೇ.

ಅವತ್ತು ಟೋಕನ್ ತೆಗೆದುಕೊಳ್ಳುವ ಕ್ಯೂನಲ್ಲೇ ಜಗಳ ಶುರುವಾಯಿತು. "ದುಡ್ಡಿಲ್ಲ ಅಂದ್ರೆ ಚಂದಾ ಎತ್ತೋಣ ಗುರು. ಗಣೇಶನಿಗೆ ಎತ್ತಲ್ವಾ?" ಅಂದ ನಮ್ಮ ಗೋಲ್‌ಕೀಪರ್. ಅವನು ಬಾರ್ಸಿಲೋನಾ ಭಕ್ತ. 2010ರ ವಿಶ್ವಕಪ್ ಗೆದ್ದವನು, 2023ರಲ್ಲಿ ಕೋಚ್ ಆಗಿ ಲಾ ಲಿಗಾ ಗೆಲ್ಲಿಸಿದವನು ತಾನಾಗೇ ಬರ್ತೀನಿ ಅಂದರೂ ಬೇಡ ಅನ್ನುವ ದೇಶ ಇದೊಂದೇ ಅಂತ ಅವನ ಗೋಳು.

ಕೋಚ್ ಕುರ್ಚಿ ಖಾಲಿಯಾದ ಕಥೆ ಎಲ್ಲರಿಗೂ ಗೊತ್ತಿತ್ತು. ಅದುವರೆಗೆ ಆ ಕುರ್ಚಿಯಲ್ಲಿದ್ದ ಮನೋಲೊ ಮಾರ್ಕೆಸ್ ಒಳ್ಳೆಯ ಕೋಚ್, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಎಫ್‌ಸಿ ಗೋವಾ ಕ್ಲಬ್, ಭಾರತ ತಂಡ ಎರಡನ್ನೂ ಒಟ್ಟಿಗೆ ನೋಡಿಕೊಳ್ಳಿ ಅಂತ ಅವರಿಗೆ ಒಪ್ಪಿಸಿದ್ದೇ ವಿಚಿತ್ರ ಏರ್ಪಾಟು. ಭಾರತಕ್ಕೆ ಎಂಟು ಪಂದ್ಯ, ಗೆದ್ದಿದ್ದು ಒಂದೇ. ಅದೂ ಮಾಲ್ಡೀವ್ಸ್ ಮೇಲೆ. ಆ ಪಂದ್ಯಕ್ಕೂ ನಿವೃತ್ತಿ ಹೇಳಿದ್ದ ಸುನಿಲ್ ಛೆಟ್ರಿಯನ್ನು ವಾಪಸ್ ಕರೆಸಬೇಕಾಯಿತು. ಜೂನ್ 10ರಂದು ಹಾಂಗ್‌ಕಾಂಗ್‌ನಲ್ಲಿ ಕೊನೇ ಗಳಿಗೆಯ ಪೆನಾಲ್ಟಿಯಿಂದ ಸೋತೆವು. ಜುಲೈ ಮೊದಲ ವಾರ ಮಾರ್ಕೆಸ್ ಬಿಟ್ಟರು. ಅದೇ ತಿಂಗಳು ಫಿಫಾ ಪಟ್ಟಿಯಲ್ಲಿ 133ಕ್ಕೆ ಇಳಿದೆವು. ಇಷ್ಟಾದರೂ 170 ಜನ ಅರ್ಜಿ ಹಾಕಿದ್ದರು ಅನ್ನುವುದೇ ಆಶ್ಚರ್ಯ. ಫೆಡರೇಷನ್‌ನ ಟೆಕ್ನಿಕಲ್ ಕಮಿಟಿ ಮೂರು ಹೆಸರು ಉಳಿಸಿಕೊಂಡಿತ್ತು: ನಮ್ಮ ದೇಶದವರೇ ಆದ ಖಾಲಿದ್ ಜಮೀಲ್, ಹಿಂದೆ ಎರಡು ಸಲ ಭಾರತದ ಕೋಚ್ ಆಗಿದ್ದ ಸ್ಟೀಫನ್ ಕಾನ್‌ಸ್ಟಂಟೈನ್, ಸ್ಲೊವಾಕಿಯಾದ ಸ್ಟೆಫಾನ್ ತಾರ್ಕೊವಿಚ್.

ತಾರ್ಕೊವಿಚ್ ಪರವಾಗಿ ಇದ್ದವನು ಒಬ್ಬನೇ, ನಮ್ಮ ಡೇಟಾ ಅನಲಿಸ್ಟ್. ಸ್ಲೊವಾಕಿಯಾವನ್ನು ಯೂರೋ ಕಪ್‌ಗೆ ಕರೆದುಕೊಂಡು ಹೋದವರು, ಕಿರ್ಗಿಸ್ತಾನ್ ಜೊತೆ ಏಷ್ಯಾ ಕಪ್ಪನ್ನೂ ನೋಡಿದವರು ಅಂತ ಅವನ ವಾದ. ಕಾಗದದ ಮೇಲೆ ಅದೇ ಸರಿಯಾದ ಆಯ್ಕೆ ಇರಬಹುದು. ಆದರೆ ಹೆಸರೇ ಕೇಳದ ಕೋಚ್‌ಗಾಗಿ ಬೆಳಗ್ಗೆ ಎಂಟೂವರೆಗೆ ಯಾರು ಜಗಳ ಆಡುತ್ತಾರೆ? ಆ ಮಾತು ಚಟ್ನಿ ಬರುವಷ್ಟರಲ್ಲೇ ಮುಗಿಯಿತು.

ಕಾನ್‌ಸ್ಟಂಟೈನ್ ಹೆಸರು ಬಂದಾಗ ಮಾತ್ರ ದನಿ ಏರಿತು. ಆಸ್ಟಿನ್ ಟೌನ್ ಹುಡುಗ ಅವರ ಕಟ್ಟಾ ಅಭಿಮಾನಿ. ಅವರು ಎರಡನೇ ಸಲ ಬಂದ 2015ರಲ್ಲಿ ನಾವು 173ನೇ ಜಾಗದಲ್ಲಿ ಬಿದ್ದಿದ್ದೆವು. 2017ರಲ್ಲಿ 96. "96 ಮಗಾ! ನೂರರ ಒಳಗೆ! ಯಾವ ಕ್ಸಾವಿ ಮಾಡಿದ್ದ ಅದನ್ನ?" ಅಂತ ಅವನು ಟೇಬಲ್ ಗುದ್ದಿದ. ಸ್ಟೀಲ್ ಲೋಟ ಉರುಳಿ ಪಕ್ಕದವರ ಚೀಲದ ಮೇಲೆ ಕಾಫಿ ಚೆಲ್ಲಿತು. ಅವರಿಗೂ ನಮಗೂ ಸ್ವಲ್ಪ ಹೊತ್ತು ಬೇರೆ ಜಗಳ ನಡೆಯಿತು. ಅದು ಬಿಡಿ.

ಅವನ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೂ ಆಗಲಿಲ್ಲ. ಯಾಕಂದರೆ 2017ರ ಅಕ್ಟೋಬರ್ 11ರಂದು ಕಂಠೀರವದಲ್ಲಿ ನಾನಿದ್ದೆ. ಮಕಾವ್ ಮೇಲೆ 4–1 ಗೆದ್ದು ಏಷ್ಯಾ ಕಪ್‌ಗೆ ಜಾಗ ಮಾಡಿಕೊಂಡ ರಾತ್ರಿ ಅದು. ಅಥ್ಲೆಟಿಕ್ ಟ್ರ್ಯಾಕ್ ಆಚೆಯಿಂದ ನೋಡಿದರೆ ಆಟಗಾರರು ಸಣ್ಣಗೆ ಕಾಣುತ್ತಾರೆ, ಕೋಚ್ ಇನ್ನೂ ಸಣ್ಣಗೆ. ಆದರೂ ಅವತ್ತು ಅವರನ್ನು ಹೊಗಳದವರು ಇರಲಿಲ್ಲ. ಮುಂದೆ 2019ರ ಜನವರಿಯಲ್ಲಿ ಅಬುಧಾಬಿಯಲ್ಲಿ ಥಾಯ್ಲೆಂಡ್ ಮೇಲೂ 4–1. ಆ ಸೋಲಿಗೆ ಥಾಯ್ಲೆಂಡ್ ತನ್ನ ಕೋಚ್‌ನನ್ನೇ ಮನೆಗೆ ಕಳಿಸಿತು. ಕೆಲವೇ ದಿನಗಳಲ್ಲಿ ಬಹ್ರೇನ್ ಎದುರು ಕೊನೇ ಗಳಿಗೆಯಲ್ಲಿ ಪೆನಾಲ್ಟಿ ಕೊಟ್ಟು ನಾವು ಹೊರಬಿದ್ದೆವು, ಕಾನ್‌ಸ್ಟಂಟೈನ್ ರಾಜೀನಾಮೆ ಕೊಟ್ಟರು. ಒಂದೇ ಟೂರ್ನಿಯಲ್ಲಿ ಎರಡು ಕುರ್ಚಿ ಖಾಲಿ!

ಆದರೂ ನಾನು ಖಾಲಿದ್ ಪರ ನಿಂತೆ. ದೇಶದ ಕೋಚ್ ಆಗುವವರು ಭಾರತೀಯರು ಅನ್ನುವ ಹೆಮ್ಮೆಗಲ್ಲ. ಕ್ಲಬ್ ಕೋಚ್‌ಗೆ ವರ್ಷಪೂರ್ತಿ ಆಟಗಾರರು ಕೈಯಲ್ಲಿರುತ್ತಾರೆ. ದೇಶದ ಕೋಚ್‌ಗೆ ಸಿಗುವುದು ಪಂದ್ಯಕ್ಕೆ ಮುಂಚಿನ ಕೆಲವು ದಿನ ಅಷ್ಟೇ. ಆ ಅವಧಿಯಲ್ಲಿ ಕ್ಸಾವಿ ಬಂದು ಪಾಸಿಂಗ್ ಕಲಿಸುತ್ತಾರಾ? ಯಾವ ಡಿಫೆಂಡರ್‌ಗೆ ಎಡಗಾಲು ಬರಲ್ಲ, ಯಾರು ಎಪ್ಪತ್ತನೇ ನಿಮಿಷಕ್ಕೆ ಸುಸ್ತಾಗುತ್ತಾರೆ ಅನ್ನುವುದು ಮೊದಲೇ ಗೊತ್ತಿರುವವರು ಬೇಕು. ಐಜ್ವಾಲ್‌ನಂಥ ಸಣ್ಣ ತಂಡಕ್ಕೆ 2016–17ರ ಐ-ಲೀಗ್ ಗೆಲ್ಲಿಸಿದವರು ಖಾಲಿದ್. ದೊಡ್ಡ ಹೆಸರುಗಳಿಲ್ಲದ ತಂಡದಿಂದ ಕೆಲಸ ತೆಗೆಯುವುದು ಅವರಿಗೆ ಗೊತ್ತು. ಭಾರತ ಸದ್ಯಕ್ಕೆ ಅಂಥದ್ದೇ ತಂಡ.

"ಅವ್ರ ಆಟ ನೋಡಿದ್ರೆ ನಿದ್ದೆ ಬರುತ್ತೆ," ಅಂದ ಗೋಲ್‌ಕೀಪರ್. ಹಿಂದೆ ಕೂತು ಗೋಲ್ ಬಿಡದೆ ಆಡಿಸುತ್ತಾರೆ, ನಿಜ. ನನಗೆ ಅದು ದೂರು ಅನ್ನಿಸಲಿಲ್ಲ.

ಇಷ್ಟು ಹೊತ್ತು ಅಂಕಲ್ ಸುಮ್ನೆ ಖಾಲಿ ದೋಸೆ ತಿನ್ನುತ್ತಿದ್ದರು. "ಏನಪ್ಪಾ, ಕ್ಸಾವಿ ಅರ್ಜಿ ಹಾಕಿದ್ನಂತಾ? ಯಾರೋ ಕಾಲೇಜ್ ಹುಡುಗ ಹಾಕಿರ್ತಾನೆ, ಬಿಡ್ರೋ," ಅಂದರು. ಆಮೇಲೆ ಎಂದಿನಂತೆ ರಹೀಮ್ ಸಾಹೇಬರ ಮಾತು ಬಂತು. ಭಾರತ ತಂಡದ ಹಳೇ ಕೋಚ್, ಹೈದರಾಬಾದಿನ ಮೇಷ್ಟ್ರು, 1951 ಮತ್ತು 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ನಾವು ಆ ಕಥೆಗೆ ಕಣ್ಣು ಹೊರಳಿಸುವವರೇ. ಆದರೆ ಅವರು ಈ ಸಲ ಅಲ್ಲಿಗೇ ನಿಲ್ಲಿಸಲಿಲ್ಲ. "ರಹೀಮ್ ಹತ್ರ ಚುನಿ ಇದ್ದ, ಪಿ.ಕೆ. ಇದ್ದ, ಬಲರಾಮ್ ಇದ್ದ. ನಿಮ್ಮ ಕೋಚ್ ಯಾರಾದ್ರೂ ಆಗ್ಲಿ, ಗೋಲ್ ಹೊಡಿಯೋನು ಯಾರು ಹೇಳ್ರಿ."

ಉತ್ತರ ಎಲ್ಲರಿಗೂ ಗೊತ್ತಿತ್ತು. ಛೆಟ್ರಿ. ವಾರ ಕಳೆದರೆ 41 ತುಂಬುವ ಛೆಟ್ರಿ. ದೇಶದ ದೊಡ್ಡ ಕ್ಲಬ್ ಲೀಗ್ ಆದ ಐಎಸ್‌ಎಲ್‌ನ ಹಿಂದಿನ ಸೀಸನ್‌ನಲ್ಲಿ ಭಾರತೀಯರ ಪೈಕಿ ಹೆಚ್ಚು ಗೋಲ್ ಹೊಡೆದದ್ದೂ ಅವರೇ, 14. ಬೆಂಗಳೂರು ಎಫ್‌ಸಿ ಅಭಿಮಾನಿಗಳಾಗಿ ನಮಗೆ ಖುಷಿ, ದೇಶದ ಲೆಕ್ಕದಲ್ಲಿ ಗಾಬರಿ. ಕ್ಲಬ್‌ಗಳು ಸಾಮಾನ್ಯವಾಗಿ ವಿದೇಶಿ ಸ್ಟ್ರೈಕರ್‌ಗಳನ್ನೇ ಮುಂದೆ ನಿಲ್ಲಿಸುತ್ತವೆ, ನಮ್ಮ ಹುಡುಗರು ವಿಂಗ್‌ಗೆ ಸರಿಯುತ್ತಾರೆ. ಅದಕ್ಕಿಂತ ಮಿಗಿಲಾಗಿ, ಆ ಹೊತ್ತಿಗೆ ಐಎಸ್‌ಎಲ್ ನಡೆಯುತ್ತಾ ಅನ್ನುವುದೇ ಗೊತ್ತಿರಲಿಲ್ಲ. ಒಪ್ಪಂದದ ತಕರಾರಿನಿಂದ ಲೀಗನ್ನು ಜುಲೈನಲ್ಲೇ ತಡೆಹಿಡಿದಿದ್ದರು. ಲೀಗೇ ಇಲ್ಲದ ದೇಶಕ್ಕೆ ಕೋಚ್ ಹುಡುಕುತ್ತಾ ನಾವು ಗಂಟಲು ಹರಿದುಕೊಳ್ಳುತ್ತಿದ್ದೆವು.

ಕ್ಸಾವಿ ಕಥೆ ಎಲ್ಲಿಗೆ ಮುಟ್ಟಿತು ಅಂತ ನಿಮಗೆ ಗೊತ್ತಿರಬಹುದು. ಕ್ಸಾವಿ ಮತ್ತು ಆಗ ಮ್ಯಾಂಚೆಸ್ಟರ್ ಸಿಟಿಯ ಕೋಚ್ ಆಗಿದ್ದ ಗಾರ್ಡಿಯೋಲಾ ಹೆಸರಿನಲ್ಲಿ ಬಂದ ಇಮೇಲ್‌ಗಳು ಅಸಲಿ ಅಂತ ಖಚಿತವಾಗಿಲ್ಲ, ಆಮೇಲೆ ನಕಲಿ ಅಂತ ಗೊತ್ತಾಯಿತು ಎಂದು ಫೆಡರೇಷನ್ ಹೇಳಿಕೆ ಕೊಟ್ಟಿತು. ಗಾರ್ಡಿಯೋಲಾ ಕೂಡ! ಅಂಕಲ್ ವಾಟ್ಸಾಪ್ ಗ್ರೂಪಿಗೆ ಒಂದೇ ಒಂದು ನಗುವ ಮುಖ ಹಾಕಿದರು. ಗೋಲ್‌ಕೀಪರ್ ಎರಡು ದಿನ ಏನೂ ಬರೆಯಲಿಲ್ಲ.

ಆಗಸ್ಟ್ 1ರಂದು ಖಾಲಿದ್ ಹೆಸರು ಪ್ರಕಟವಾಯಿತು. ಮೊದಲ ಪಂದ್ಯದಲ್ಲೇ ತಜಿಕಿಸ್ತಾನವನ್ನು ಅವರದೇ ಮನೆಯಲ್ಲಿ 2–1 ಸೋಲಿಸಿದೆವು. ಮುಂದೆ ಓಮನ್ ಮೇಲೆ ಪೆನಾಲ್ಟಿಯಲ್ಲಿ ಗೆಲುವು, ಕೊನೇ ಕಿಕ್ ತಡೆದದ್ದು ನಮ್ಮ ಗುರ್‌ಪ್ರೀತ್. ಆ ರಾತ್ರಿ ಗ್ರೂಪಿನಲ್ಲಿ ನನ್ನ ಮೆರೆದಾಟ ಸ್ವಲ್ಪ ಜಾಸ್ತಿಯೇ ಆಯಿತು. ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಾಪುರ ಎದುರು ಛಾಂಗ್ಟೆ ಮೊದಲ ಗೋಲ್ ಹೊಡೆದರೂ 2–1 ಸೋತು ಏಷ್ಯಾ ಕಪ್‌ಗೆ ಹೋಗುವ ಅವಕಾಶ ಕೈತಪ್ಪಿತು.

ಮುಂದಿನ ಶನಿವಾರ ಕೋಚ್‌ನನ್ನು ತೆಗೆಯಬೇಕು ಅಂತ ಯಾರೂ ಅನ್ನಲಿಲ್ಲ, ಕಾನ್‌ಸ್ಟಂಟೈನ್ ಅಭಿಮಾನಿ ಕೂಡ. ಒಂಬತ್ತನೇ ನಂಬರ್‌ಗೆ, ಅಂದರೆ ಸ್ಟ್ರೈಕರ್ ಜಾಗಕ್ಕೆ, ಯಾರನ್ನು ಹಾಕಬೇಕು ಅಂತ ಆ ಹುಡುಗ ಕಾಗದದ ನ್ಯಾಪ್‌ಕಿನ್ ಮೇಲೆ ಹೆಸರು ಬರೆಯುತ್ತಾ ಹೋದ, ಅಂಕಲ್ ಒಂದೊಂದನ್ನೇ ಹೊಡೆದು ಹಾಕುತ್ತಾ ಹೋದರು.