ಬಚ್ಚಲಿಗೆ ಬಂದ ಹೊಳೆಗಲ್ಲು

ಅವ್ವ ಎರಡನೇ ಸಲ ಬಚ್ಚಲಲ್ಲಿ ಜಾರಿದ ದಿನವೇ ಹಳೇ ಟೈಲ್ಸ್ ಕೀಳಿಸಬೇಕು ಅಂತ ಗಟ್ಟಿ ಮಾಡಿಕೊಂಡೆ. ಚಿತ್ರದುರ್ಗದಲ್ಲಿ ಕಣ್ಣೆತ್ತಿದರೆ ಬಂಡೆಗಳೇ. ಆದರೂ ನಮ್ಮ ಬಚ್ಚಲಿಗೆ ಕಲ್ಲು ಬಂದಿದ್ದು ಅಂಗಡಿಯಿಂದ. ಅಡಿ ಉದ್ದ, ಅಡಿ ಅಗಲದ ಬಲೆಯ ಹಾಳೆಗೆ ಅಂಟಿಸಿದ ಸಣ್ಣ ಹೊಳೆಗಲ್ಲುಗಳು. ಪೆಬಲ್ ಟೈಲ್ಸ್ ಅಂತಾರೆ.

ಮೇಸ್ತ್ರಿ ಕೈ ನಯವಾಗಿತ್ತು. ಹಾಳೆ ಸೇರುವ ಕಡೆ ಗೆರೆ ಕಾಣಬಾರದು ಅಂತ ಅಂಚಿನ ಕಲ್ಲು ಬಿಡಿಸಿ, ಸಂದಿಗೆ ಹೊಂದುವ ಹಾಗೆ ಒಂದೊಂದನ್ನೇ ತಿರುಗಿಸಿ ಕೂರಿಸಿದರು. ತಪ್ಪಿದ್ದು ವಾಟದಲ್ಲಿ, ಅಂದರೆ ನೀರು ಹರಿದುಹೋಗುವ ಇಳಿಜಾರಿನಲ್ಲಿ. ಕಲ್ಲಿನ ಸಂದಿಗೆ ಗ್ರೌಟ್, ಅಂದರೆ ಸಿಮೆಂಟಿನ ಪೇಸ್ಟ್, ತುಂಬಿ ಮೂರು ದಿನ ಬಿಟ್ಟು ಒಂದು ಬಕೆಟ್ ನೀರು ಸುರಿದೆ. ಗಂಟೆ ಕಳೆದರೂ ಎಡಮೂಲೆಯಲ್ಲಿ ನೀರು ಹಾಗೇ ನಿಂತಿತ್ತು.

"ಒಣಗ್ತದೆ ಬಿಡ್ರಿ ಅಕ್ಕಾ."

"ಸಾದಾ ಟೈಲ್ಸ್ ಆಗಿದ್ರೆ ವೈಪರ್‌ನಲ್ಲಿ ತಳ್ಳಬಹುದಿತ್ತು ಅಣ್ಣಾ. ಕಲ್ಲಿನ ಸಂದಿಯಿಂದ ಹೆಂಗೆ ತಳ್ಳಲಿ? ಪಾಚಿ ಕಟ್ಟಿದ್ರೆ ಅವ್ವ ಮತ್ತೆ ಜಾರ್ತಾಳೆ."

ಅವರು ಮಾತಾಡದೆ ರಸಮಟ್ಟ ಇಟ್ಟರು. ಅಡಿಗೆ ಕಾಲು ಇಂಚು ಇಳಿಯಬೇಕಾದ ಕಡೆ ನೆಲ ಮಟ್ಟಸವಾಗಿತ್ತು. ನೋಡಿದವರೇ ಉಳಿ ತಗೊಂಡರು. ಎರಡು ಅಡಿ ಕಿತ್ತಾಗ ಕೆಳಗಿನ ವಾಟರ್‌ಪ್ರೂಫ್ ಪದರಕ್ಕೂ ಏಟು ಬಿದ್ದಿತ್ತು. ವಾಟ ಸರಿಮಾಡಿ, ಆ ಪದರ ಮತ್ತೆ ಬಳಿದು, ಅದು ಒಣಗಿದ ಮೇಲೆ ನೀರು ಹೋಗುವ ಬಾಯಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿದೆವು. ಕೆಳಗೆ ಎಲ್ಲೂ ತೇವ ಕಾಣಲಿಲ್ಲ.

ಮೊದಲ ಸಲ ಕಲ್ಲಿಗೆ ನೀರು, ಕಲೆ ಹೀರದ ಹಾಗೆ ತಡೆಯುವ ಸೀಲರ್ ಹಚ್ಚದೆ ಗ್ರೌಟ್ ತುಂಬಿದ್ದರಿಂದ ಕಲ್ಲಿನ ಮೈಗೆಲ್ಲ ಸಿಮೆಂಟ್ ಹಿಡಿದಿತ್ತು. ಈ ಸಲ ಮೊದಲು ಸೀಲರ್, ಆಮೇಲೆ ಗ್ರೌಟ್. ಸಂದಿ ಅಗಲ ಇರೋದರಿಂದ ಮರಳು ಬೆರೆತ ಗ್ರೌಟೇ ಬೇಕು, ಬರೀ ನುಣ್ಣನೆಯದು ಬಿರುಕು ಬಿಡುತ್ತದೆ. ಅದನ್ನೂ ಕಲ್ಲಿನ ನೆತ್ತಿಯಷ್ಟೇ ಕಾಣುವಂತೆ ಮೇಲಿನವರೆಗೆ ತುಂಬಿಸಿದೆ. ಗುಂಡಿ ಕಮ್ಮಿಯಾದಷ್ಟೂ ನೀರು ನಿಲ್ಲೋದು ಕಮ್ಮಿ ಅಲ್ವಾ?

ನಾನು ಯೋಚನೆಯನ್ನೇ ಮಾಡದ ವಿಷಯ ಅವ್ವನ ಸ್ಟೂಲು. ಉಬ್ಬುತಗ್ಗಿನ ಮೇಲೆ ಅದರ ಒಂದು ಕಾಲು ಅಲುಗುತ್ತಿತ್ತು. ಜಾರುತ್ತಾಳೆ ಅಂತ ಇಷ್ಟೆಲ್ಲ ಮಾಡಿಸಿ, ಅವಳು ಕೂರೋ ಜಾಗವನ್ನೇ ಮರೆತಿದ್ದೆನಲ್ಲ ಅಂತ ಹೊಟ್ಟೆ ಚುರುಕ್ ಅಂತು. ನಲ್ಲಿ ಪಕ್ಕದ ಕಲ್ಲು ತೆಗೆಸಿ, ಸ್ಟೂಲು, ಬಕೆಟ್ ಎರಡೂ ನಿಲ್ಲುವಷ್ಟು ಅಗಲದ ಕಡಪ ಕಲ್ಲನ್ನು ಅದೇ ವಾಟಕ್ಕೆ ಕೂರಿಸಿದೆವು. ಪಾಲಿಶ್ ಇಲ್ಲದ್ದು. ಅವ್ವ ಕೂತು, ಪಾದವನ್ನು ಹೊಳೆಗಲ್ಲಿನ ಮೇಲಿಟ್ಟು, ಹಿಮ್ಮಡಿ ಮೆಲ್ಲಗೆ ಉಜ್ಜಿಕೊಂಡಳು. "ಹೊಳೇಲಿ ನಿಂತಂಗೈತಿ" ಅಂದಳು.

ನಮ್ಮದು ಬೋರ್ ನೀರು. ಒಣಗಿದರೆ ಬಿಳಿ ಪೊರೆ ಕಟ್ಟುತ್ತದೆ. ಆಸಿಡ್ ಹಾಕಿ ತಿಕ್ಕು ಅಂತ ಪಕ್ಕದ ಮನೆಯವರು ಹೇಳಿದರು. ಬೇಡ ಅಂದೆ. ಆಸಿಡ್ ಗ್ರೌಟನ್ನೂ ತಿನ್ನುತ್ತದೆ, ಸುಣ್ಣದ ಜಾತಿಯ ಕಲ್ಲನ್ನೂ ತಿನ್ನುತ್ತದೆ. ವಾರಕ್ಕೊಮ್ಮೆ ಸೋಪಿನ ನೀರು, ಮೆತ್ತನೆ ಬ್ರಷ್. ಸ್ನಾನ ಆದಮೇಲೆ ಕಿಟಕಿ ತೆರೆದಿಡುತ್ತೇವೆ.

ನಿನ್ನೆ ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿದೆ. ವರ್ಷದ ಹಿಂದೆ ಕೆಸುವಿನೆಲೆ ಮೇಲಿನ ಹಾಗೆ ಗುಂಡಗೆ ನಿಲ್ಲುತ್ತಿದ್ದವು. ನಿನ್ನೆ ಎರಡು ಹನಿ ಒಳಗೆ ಇಳಿದು ಕಪ್ಪು ಚುಕ್ಕಿಯಾದವು. ಭಾನುವಾರ ಅವ್ವ ತಂಗಿ ಮನೆಗೆ ಹೋಗುತ್ತಾಳೆ. ಅವತ್ತೇ ಸೀಲರ್ ಹಚ್ಚಬೇಕು.