‘ನೌಕೆ’ ಎಂದು ಯಾವುದಕ್ಕೆ ಬರೆಯಬೇಕು? ಸುದ್ದಿಮನೆಯ ಟಿಪ್ಪಣಿ

ನ್ಯೂ ಬಿಇಎಲ್ ರಸ್ತೆಯ ಅಂತರಿಕ್ಷ ಭವನದಿಂದ, ಅಂದರೆ ಇಸ್ರೊ ಕೇಂದ್ರ ಕಚೇರಿಯಿಂದ ಬರುವ ಇಂಗ್ಲಿಷ್ ಪ್ರಕಟಣೆ ಬೆಂಗಳೂರಿನ ಸುದ್ದಿಮನೆಗಳಲ್ಲಿ ಅವಸರದಲ್ಲಿ ಕನ್ನಡಕ್ಕೆ ಇಳಿಯುತ್ತದೆ. ಆಗ ಹೆಚ್ಚು ಎಡವುವುದು ‘ನೌಕೆ’ಯಲ್ಲಿ.

ಹೊತ್ತೊಯ್ಯುವುದು ರಾಕೆಟ್. ಅದರಿಂದ ಬೇರ್ಪಟ್ಟು ತನ್ನ ಪಾಡಿಗೆ ತಾನು ಸಾಗುವುದು ನೌಕೆ. 2025ರ ಜೂನ್ 25ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಹೊರಟಾಗ ರಾಕೆಟ್ ಫಾಲ್ಕನ್-9, ನೌಕೆ ಡ್ರ್ಯಾಗನ್. ‘ಡ್ರ್ಯಾಗನ್ ರಾಕೆಟ್’ ಎಂದು ಬರೆದರೆ ತಪ್ಪು. ರಷ್ಯಾದ ಸೋಯುಜ್ ಮಾತ್ರ ಕಾಡುತ್ತದೆ, ರಾಕೆಟ್‌ಗೂ ನೌಕೆಗೂ ಅದೇ ಹೆಸರು. ಯಾತ್ರಿಗಳು ಕುಳಿತ ಭಾಗದ ಮಾತಾದರೆ ‘ಸೋಯುಜ್ ನೌಕೆ’ ಎಂದು ಬಿಡಿಸಿಯೇ ಬರೆಯಬೇಕು.

ನಿಜವಾದ ತೊಡಕು ಚಂದ್ರಯಾನ-3ರಂಥದ್ದು. ‘ಯಾನ’ ಎಂದರೆ ಪಯಣವೂ ಹೌದು, ವಾಹನವೂ ಹೌದು. 2023ರ ಜುಲೈ 14ರ ಉಡಾವಣೆ ಸುದ್ದಿಯಲ್ಲಿ ‘ಚಂದ್ರಯಾನ-3 ನೌಕೆ’ ಸರಿ: ಲ್ಯಾಂಡರನ್ನು ಚಂದ್ರನ ಕಕ್ಷೆಯವರೆಗೆ ಒಯ್ಯುವ ಪ್ರೊಪಲ್ಷನ್ ಮಾಡ್ಯೂಲ್, ವಿಕ್ರಮ್ ಲ್ಯಾಂಡರ್, ಅದರ ಹೊಟ್ಟೆಯೊಳಗಿನ 26 ಕೆ.ಜಿ. ರೋವರ್ ಎಲ್ಲ ಸೇರಿ ಸುಮಾರು 3,900 ಕೆ.ಜಿ. ಆಗಸ್ಟ್ 17ರಂದು ಲ್ಯಾಂಡರ್ ಬೇರ್ಪಟ್ಟಿತು. ಅಲ್ಲಿಂದಾಚೆ ನೌಕೆ ಒಂದಲ್ಲ, ಎರಡು. 23ರಂದು ಇಳಿದದ್ದು ಲ್ಯಾಂಡರ್. ಪ್ರೊಪಲ್ಷನ್ ಮಾಡ್ಯೂಲ್ ಚಂದ್ರನನ್ನು ಸುತ್ತುತ್ತಲೇ ಇತ್ತು. ಇವತ್ತು ‘ನೌಕೆ ಇಳಿಯಿತು’, ನಾಳೆ ‘ನೌಕೆ ಕಕ್ಷೆಯಲ್ಲಿದೆ’ ಎಂದರೆ ಓದುಗರು ಯಾವುದನ್ನು ನಂಬಬೇಕು? ಬೇರ್ಪಟ್ಟ ದಿನದಿಂದ ಬಿಡಿಭಾಗದ ಹೆಸರನ್ನೇ ಹಿಡಿಯುವುದು ಕ್ಷೇಮ.

‘ಉಪಗ್ರಹ’ವನ್ನೂ ಕಣ್ಣುಮುಚ್ಚಿ ಹಾಕುವಂತಿಲ್ಲ. 1975ರ ಆರ್ಯಭಟ ಭೂಮಿಯನ್ನು ಸುತ್ತಿತು, ಅದು ಉಪಗ್ರಹ. ಸೂರ್ಯನ ಅಧ್ಯಯನಕ್ಕೆ ಹೋದ ಆದಿತ್ಯ-ಎಲ್1 ಸುತ್ತುತ್ತಿರುವುದು ಸೂರ್ಯ-ಭೂಮಿಯ ನಡುವೆ, ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ಎಲ್1 ಎಂಬ ಬಿಂದುವನ್ನು. ಅಲ್ಲಿ ಗ್ರಹವೇ ಇಲ್ಲ. ಅದಕ್ಕೆ ನೌಕೆಯೇ ಒಪ್ಪುವ ಪದ.

ತಲೆಬರಹದ ಇಕ್ಕಟ್ಟು ಬೇರೆ. ‘ಬಾಹ್ಯಾಕಾಶ ನೌಕೆ’ ಒಂದು ಕಾಲಂನಲ್ಲಿ ಹಿಡಿಸುವುದಿಲ್ಲ, ‘ನೌಕೆ’ ಎರಡೇ ಅಕ್ಷರ. ಮೊದಲ ಪ್ಯಾರಾದಲ್ಲಿ ಪೂರ್ಣ ರೂಪ ಬಂದಿದ್ದರೆ ಮೇಲೆ ‘ನೌಕೆ’ ಸಾಕು. ‘ಗಗನನೌಕೆ’, ‘ವ್ಯೋಮನೌಕೆ’ ಕಿವಿಗೆ ಇಂಪೇ, ಆದರೆ ಒಂದೇ ವರದಿಯಲ್ಲಿ ಮೂರೂ ಬಂದರೆ ಮೂರು ಬೇರೆ ವಾಹನಗಳೇನೋ ಅನ್ನಿಸುತ್ತದೆ.

ಪುಟದಲ್ಲಿ ನೌಕಾಪಡೆಯ ಸುದ್ದಿ ಇದ್ದರೆ ಇನ್ನೊಮ್ಮೆ ನೋಡಬೇಕು. 2023ರ ಅಕ್ಟೋಬರ್ 21ರ ಗಗನಯಾನ ಪರೀಕ್ಷೆಯಲ್ಲಿ ಬಂಗಾಳ ಕೊಲ್ಲಿಗೆ ಇಳಿದ ಕ್ರೂ ಮಾಡ್ಯೂಲನ್ನು (ಯಾತ್ರಿಗಳು ಕೂರಬೇಕಾದ ಭಾಗ) ಮೇಲೆತ್ತಿದ್ದು ನೌಕಾಪಡೆ. ‘ನೌಕೆಯನ್ನು ನೌಕೆ ಎತ್ತಿತು’ ಎಂದು ಬರೆಯಲಾದೀತೇ? ಅಂಥ ಕಡೆ ಕಡಲಿನದಕ್ಕೆ ‘ಹಡಗು’, ಬಾನಿನಿಂದ ಬಂದದ್ದಕ್ಕೆ ‘ಮಾಡ್ಯೂಲ್’.