ಪ್ರಮಾಥಿಯೋ ಪ್ರಮಾದಿಯೋ: ಮನೆತನದ ಕಾಲಸೂಚಿಯಲ್ಲಿ ಒಂದು ಗಂಟು ಬಿಚ್ಚಿತು

ಕೊನೆಗೂ ರಾಹು ಬಾಯಿಬಿಟ್ಟ. ಜಾತಕದ ಕಟ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ ಹಾಳೆಗೆ ಇಸವಿ ಸಿಕ್ಕಿದೆ: 1939. ಧೂಳು ಒರೆಸುವುದು, ಮಡಿಕೆ ಬಿಡಿಸುವುದು, ಹೆಸರುಗಳನ್ನು ವಂಶಾವಳಿಯ ತಂತ್ರಾಂಶ ಗ್ರಾಂಪ್ಸ್‌ಗೆ ಏರಿಸುವುದು ಎಲ್ಲರೂ ಮಾಡುವ ಕೆಲಸವೇ, ಅದು ಬೇಡ.

ತಕರಾರು ಸಂವತ್ಸರದ ಹೆಸರಿನ ಒಂದೇ ಅಕ್ಷರದ್ದು. ಪ್ರಮಾಥಿ ಆದರೆ 1939–40. ಪ್ರಮಾದಿ ಆದರೆ 1913–14, ಇಲ್ಲವೇ 1973–74. ಥಕಾರಕ್ಕೂ ದಕಾರಕ್ಕೂ ಇರುವ ವ್ಯತ್ಯಾಸ ಒಳಗಿನ ಚುಕ್ಕೆ, ಕೆಳಗಿನ ಸೀಳು, ಅಷ್ಟೇ. ಸರಿಯಾಗಿ ಅಲ್ಲೇ ಅರಿಶಿನ ಕುಂಕುಮ ಮೆತ್ತಿದೆ. ವಾರ ಬರೆದ ಜಾಗದಲ್ಲಿ ಮಡಿಕೆ ಹರಿದಿದೆ. ಮನೆಯಲ್ಲಿ ಚಿಕ್ಕಪ್ಪನಿಗೂ ಅಣ್ಣನ ಮಗನಿಗೂ ಮನೆದೇವರ ಹೆಸರೇ, 1913ಕ್ಕೂ 1939ಕ್ಕೂ ನಡುವಿನ 26 ವರ್ಷ ಇಬ್ಬರಿಗೂ ಹೊಂದುತ್ತದೆ. ದೇವರ ಮೇಲೆ ಭಕ್ತಿ ಇರಲಿ ಸ್ವಾಮಿ, ಮನೆಯಲ್ಲಿ ಕರೆಯುವ ಹೆಸರನ್ನಾದರೂ ಪಕ್ಕದಲ್ಲಿ ಗೀಚಿಡಬಾರದಿತ್ತೇ? ಪ್ರಮಾದಿಯನ್ನು ‘ಪ್ರಮಾದೀಚ’ ಎಂದು ಉದ್ದಕ್ಕೆ ಬರೆದ ಜೋಯಿಸರೇ ಪುಣ್ಯವಂತರು.

ಮೊದಲ ಅಡ್ಡಿ ಸ್ಕ್ಯಾನಿಂಗ್ ಅಂಗಡಿಯವರದು. ಕೇಳದಿದ್ದರೂ ‘ಹಿನ್ನೆಲೆ ಕ್ಲೀನ್’ ಮಾಡಿ, ಜೆಪೆಗ್‌ನಲ್ಲಿ ಕೊಟ್ಟು, ಚುಕ್ಕೆಯನ್ನೂ ಕೊಳೆಯೆಂದು ಅಳಿಸಿದ್ದರು. 600 ಡಿಪಿಐ, ಬಣ್ಣದಲ್ಲಿ, ಟಿಫ್, ಯಾವ ತಿದ್ದುಪಡಿಯೂ ಬೇಡ ಎಂದು ಚೀಟಿಯಲ್ಲಿ ಬರೆದೇ ಕೊಡಿ. ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ಮೂರು ಬಣ್ಣ ಬೇರ್ಪಡಿಸಿದರೆ ಕೆಂಪು ಪದರದಲ್ಲಿ ಅರಿಶಿನ, ಕುಂಕುಮ ಎರಡೂ ಬಹುಪಾಲು ಮಾಯ. ಆದರೆ ಕಂದಿದ ಕಂದು ಶಾಯಿಯೂ ಅಲ್ಲೇ ತೆಳುವಾಗುತ್ತದೆ. ನೀಲಿ ಪದರದಲ್ಲಿ ಶಾಯಿ ಗಟ್ಟಿ, ಕಲೆ ಇನ್ನೂ ಗಟ್ಟಿ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಕಾಗದಕ್ಕೆ ಹೆಚ್ಚುಕಡಿಮೆ ಮಲಗಿಸಿ ಹಿಡಿದಾಗ ಸ್ಟೀಲ್ ನಿಬ್ಬಿನ ಗೀರು ಕಂಡಿತು: ಸೀಳು ಇದೆ. ಆದರೆ ಚುಕ್ಕೆ ಇಲ್ಲದೆ ಸೀಳು ಮಾತ್ರ ಇದ್ದರೆ ಅದು ಧಕಾರ, ಹಾಗೆ ತಪ್ಪು ಬರೆಯುವವರೂ ಇದ್ದರು. ಸಾಕ್ಷಿ ಸಾಲದು.

ಹಾಗಾಗಿ ಕುಂಡಲಿಗೆ ಹೋಗಬೇಕಾಯಿತು. ನಕ್ಷತ್ರವನ್ನು ನಂಬಿ ಕೂರಬೇಡಿ. ಮಾಸ, ತಿಥಿ ಗೊತ್ತಿದ್ದರೆ ನಕ್ಷತ್ರ ಎರಡು ಮೂರರೊಳಗೇ ಸುಳಿಯುತ್ತದೆ, ಯಾವ ವರ್ಷವಾದರೂ ಅಷ್ಟೇ. ಗುರು, ಶನಿ ಒಂದು ಮಟ್ಟಕ್ಕೆ ಸರಿ. ಆದರೆ 60 ವರ್ಷದಲ್ಲಿ ಗುರು ಐದು ಸುತ್ತು, ಶನಿ ಎರಡು ಸುತ್ತು ಮುಗಿಸಿ ಹೊರಟಲ್ಲಿಗೇ ಬಂದು ನಿಲ್ಲುವುದರಿಂದ ಹಿಂದಿನ ಸಂವತ್ಸರಚಕ್ರವೋ ಮುಂದಿನದೋ ಎಂಬ ಪ್ರಶ್ನೆಗೆ ಇಬ್ಬರೂ ಮೌನ. ರಾಹುವಿನ ಸುತ್ತು 18.6 ವರ್ಷ. 60 ವರ್ಷಕ್ಕೆ ಅವನು ಸುಮಾರು ಮೂರು ರಾಶಿ ತಪ್ಪುತ್ತಾನೆ, 26 ವರ್ಷಕ್ಕೆ ನಾಲ್ಕೈದು ರಾಶಿ. ಹಾಳೆಯಲ್ಲಿರುವ ಆಷಾಢ ಮಾಸಕ್ಕೆ ಲೆಕ್ಕ ಹಾಕಿದರೆ 1913ರಲ್ಲಿ ರಾಹು ಮೀನ, ಗುರು ಧನು; 1939ರಲ್ಲಿ ರಾಹು ತುಲಾ, ಗುರು ಮೀನ. ಹಾಳೆಯ ತುಲಾ ಮನೆಯಲ್ಲಿ ‘ರಾ’, ಮೀನದಲ್ಲಿ ‘ಗು’. ಮುಗಿಯಿತು. ರಾಹು ರಾಶಿಯ ಗಡಿಗೆ ಎರಡು ಭಾಗೆಯಷ್ಟು (ಡಿಗ್ರಿ) ಹತ್ತಿರ ಇದ್ದರೆ ಮಾತ್ರ ಈ ಉಪಾಯ ಬೇಡ, ಜೋಯಿಸರ ಪಂಚಾಂಗ ಆಚೀಚೆ ಇರುತ್ತದೆ.

ಲೆಕ್ಕ ಹಾಕುವ ಪಂಚಾಂಗ ತಂತ್ರಾಂಶವನ್ನು ಮೊದಲು ಗೊತ್ತಿರುವ ದಿನದ ಮೇಲೆ ಪರೀಕ್ಷಿಸಿ. 1947ರ ಆಗಸ್ಟ್ 15: ಸರ್ವಜಿತ್, ಅಧಿಕ ಶ್ರಾವಣ ಬಹುಳ ಚತುರ್ದಶಿ, ಶುಕ್ರವಾರ. ‘ಅಧಿಕ’ ಬಾರದಿದ್ದರೆ ಆ ತಂತ್ರಾಂಶ ಬಿಡಿ.

ತಾರೀಖಿಗೆ ಇನ್ನೊಂದು ಬಲೆ ಗತಘಟಿ, ಎಂದರೆ ಸೂರ್ಯೋದಯದಿಂದ ಹುಟ್ಟಿನವರೆಗೆ ಕಳೆದ ಘಟಿಗಳು. ಒಂದು ಘಟಿ 24 ನಿಮಿಷ. ಸೂರ್ಯೋದಯಾದಿ 52 ಘಟಿ ಎಂದರೆ 20 ಗಂಟೆ 48 ನಿಮಿಷ, ಆರಕ್ಕೆ ಸೂರ್ಯೋದಯವಾದರೆ ಮರುದಿನ ಬೆಳಗಿನ ಜಾವ 2.48. ಜಾತಕದ ವಾರ ಹಿಂದಿನದು, ಇಂಗ್ಲಿಷ್ ತಾರೀಖು ಮುಂದಿನದು. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ನಡುವೆ ಗಡಿಯಾರ ನೋಡಿ ಬರೆದ ವೇಳೆಯಾದರೆ ಒಂದು ಗಂಟೆ ಕಳೆಯಿರಿ, ಯುದ್ಧಕಾಲದ ಸಮಯ. ಶಾಲೆಯ ದಾಖಲೆ ತೋರಿಸಬೇಡಿ. ಮೇಷ್ಟ್ರ ಕೃಪೆಯಿಂದ ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ.

ಇಸವಿ ಕೂತ ಮೇಲೆ ಉಳಿದವು ತಾವಾಗಿಯೇ ಕೂತವು. ಖರ್ಚಿನ ಕಡತದಲ್ಲಿ ಅದೇ ಹೆಸರಿನ ವಟುವಿನ ಉಪನಯನ ಸರ್ವಜಿತ್ ವೈಶಾಖ, ಎಂದರೆ 1947, ಹುಡುಗನಿಗೆ ಎಂಟು ತುಂಬುವ ಹೊತ್ತು. ಷಷ್ಟ್ಯಬ್ದಿ ಮತ್ತೆ ಪ್ರಮಾಥಿಯಲ್ಲೇ, 1999ರಲ್ಲಿ. ಷಷ್ಟ್ಯಬ್ದಿಯ ಆಮಂತ್ರಣ ಪತ್ರಿಕೆ ಹುಡುಕುವುದು ಯಾವತ್ತೂ ಲಾಭ: ಹುಟ್ಟಿದ ಸಂವತ್ಸರವೇ ಅಚ್ಚಿನಲ್ಲಿ ಸ್ಪಷ್ಟವಾಗಿರುತ್ತದೆ. ಸಾವಿರ ಹುಣ್ಣಿಮೆಗೆ 80 ವರ್ಷ 10 ತಿಂಗಳು. ಸಹಸ್ರಚಂದ್ರ ದರ್ಶನ 2020ರ ಮೇ ಹೊತ್ತಿಗೆ, ಲಾಕ್‌ಡೌನ್ ನಡುವೆ ಬಂದಿದೆ. ಫೋಟೋ ಏಕಿಲ್ಲ ಎಂಬುದೂ ತಿಳಿಯಿತು.

ಬಾಕಿ ಉಳಿದದ್ದು ಉಡುಪಿ ಕಡೆಯ ಸಂಬಂಧಿಕರ ಸೌರಮಾನದ ಹಾಳೆಗಳು. ಯುಗಾದಿಗೂ ಸೌರ ಹೊಸವರ್ಷವಾದ ವಿಷುವಿಗೂ ನಡುವೆ ಹುಟ್ಟಿದವರ ಸಂವತ್ಸರ ಒಂದು ಹಿಂದೆ ಇರುತ್ತದೆ. ಅದಕ್ಕೂ ಮುಂಚೆ ಕ್ಯಾಸೆಟ್ ಕೈಗೆತ್ತಿಕೊಳ್ಳುವ ಆಸೆ: ನಾಮಕರಣದ ತೊಟ್ಟಿಲ ಹಾಡು, ಹಸೆ ಹಾಡು. ಪ್ರೆಶರ್ ಪ್ಯಾಡ್ ಕಳಚಿವೆ, ಡೆಕ್ಕಿನ ಬೆಲ್ಟ್ ಕರಗಿ ಅಂಟಾಗಿದೆ, ಅಂಗಡಿಯವರು ‘ಎಲ್ಲದಕ್ಕೂ ಆಗುತ್ತೆ ಸಾರ್’ ಎಂದು ಕೊಟ್ಟ ಬೆಲ್ಟ್ ಯಾವುದಕ್ಕೂ ಆಗಲಿಲ್ಲ. ಬೆಲ್ಟಿನ ಸುತ್ತಳತೆ, ದಪ್ಪ ಎರಡನ್ನೂ ಮಿಲಿಮೀಟರ್‌ನಲ್ಲಿ ಹೇಳಿ ಮಾರುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ.